ಕಡೆಗೆ ತೋರಿಸಿದ ಜಾಗ

“ಇದನ್ನ ಯಾಕೆ ಇಷ್ಟು ಬೇಗ ಕೀಳ್ಸಿದ್ರೋ,” ಅಂದಳು ಮಂಜಮ್ಮ, ಎಳನೀರಿನ ಬುರುಡೆಯನ್ನು ಬೆರಳಲ್ಲಿ ತಟ್ಟುತ್ತ. “ಮರದಲ್ಲೇ ಬುಟ್ಟಿದ್ರೆ ಒಳ್ಳೆ ಕಾಯಾಗೋದು. ಅಟ್ಟಕ್ಕೆ ಹಾಕಿದ್ರೆ ಕೊಬ್ಬರಿ.”

“ಕುಡಿಯೇ ಸುಮ್ನೆ. ತಿಪಟೂರು ಮಾರ್ಕೆಟ್ಟನ್ನ ಇಲ್ಲಿಗೂ ಹೊತ್ಕಂಡು ಬಂದ್ಯಾ?”

ಸರ್ವಮಂಗಳ ನಕ್ಕು ಅಂಗಡಿಯವನಿಗೆ ಸನ್ನೆ ಮಾಡಿದಳು. ಅವನು ಬುರುಡೆ ಕೆತ್ತಿ, ಕೊಳವೆ ಸಿಕ್ಕಿಸಿ ಕೊಟ್ಟ. ರಸ್ತೆಯ ಎರಡೂ ಕಡೆ ಬಾಳೆಗೊನೆ ತೂಗುಬಿಟ್ಟ ಅಂಗಡಿಗಳು, ಅವುಗಳ ಹಿಂದೆ ತೆಂಗಿನ ತೋಟ, ತೋಟದಾಚೆ ಕಡಲು. ಒಮಾನಿನ ಈ ಸಲಾಲಾ ಊರಿಗೆ ಬಂದ ಹೊಸದರಲ್ಲಿ ಸರ್ವಮಂಗಳ ಈ ಮರಗಳನ್ನು ನೋಡಿಯೇ ಅಳು ನಿಲ್ಲಿಸಿದ್ದು. ಆಗ ಮಗಳು ಇಂಪನಾ ಕೈಗೂಸು. ಈಗ ಇಂಪನಾ ಶಾಲೆಗೆ ಹೋಗುತ್ತಾಳೆ, ಗಂಡ ರೇಣುಕಪ್ರಸಾದ್ ಬಂದರಿನ ಉಗ್ರಾಣದ ಲೆಕ್ಕ ನೋಡುತ್ತಾನೆ, ಅವಳು ಕಾರು ಓಡಿಸುವುದನ್ನು ಕಲಿತು ಊರಿಂದ ಬಂದವರಿಗೆಲ್ಲ ಊರು ತೋರಿಸುತ್ತಾಳೆ. ಮೊದಲು ಎಳನೀರಂಗಡಿ, ಆಮೇಲೆ ಧೂಪದ ಪೇಟೆ, ಆಮೇಲೆ ಕಡಲ ಬಂಡೆ. ಎಲ್ಲರಿಗೂ ಅದೇ ಸುತ್ತು.

ಮಂಜಮ್ಮನಿಗೆ ಇನ್ನೊಂದು ಜಾಗ ತೋರಿಸಬೇಕಿತ್ತು. ಅವಳು ವಿಮಾನ ಹತ್ತಿ ಬಂದದ್ದೇ ಅದಕ್ಕೆ. ಬಂದು ಎರಡು ದಿನವಾದರೂ ಅವಳು ಅದರ ಮಾತೆತ್ತಿರಲಿಲ್ಲ, ಸರ್ವಮಂಗಳಳೂ ಎತ್ತಿರಲಿಲ್ಲ.

ಇಬ್ಬರೂ ತುರುವೇಕೆರೆ ಕಡೆಯವರು, ತಿಪಟೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಮಂಜಮ್ಮನ ಗಂಡ ದಯಾನಂದ ಕೊಬ್ಬರಿ ಲಾರಿ ಓಡಿಸುತ್ತಿದ್ದ. ರೇಣುಕಪ್ರಸಾದನೇ ಹೇಳಿ ಅವನನ್ನು ಇಲ್ಲಿಯ ಬಂದರಿಗೆ ಟ್ರೈಲರ್ ಡ್ರೈವರ್ ಆಗಿ ಕರೆಸಿಕೊಂಡಿದ್ದ. ಶುಕ್ರವಾರ ರಜೆಗೆ ಬಂದರೆ ಮುದ್ದೆ ಉಂಡು, ಇಂಪನಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಡಲ ತನಕ ಹೋಗಿ ಬರುತ್ತಿದ್ದ. ಕೊರೊನಾ ಬಂದ ವರ್ಷ ಜ್ವರವೆಂದು ಆಸ್ಪತ್ರೆ ಸೇರಿದವನು ವಾಪಸು ಬರಲಿಲ್ಲ. ವಿಮಾನಗಳು ನಿಂತಿದ್ದವು. ಇಲ್ಲೇ ಮಣ್ಣು ಮಾಡಿದರು. ಮಂಜಮ್ಮ ಫೋನಿನಲ್ಲಿ ನೋಡಿದ್ದು ಒಂದು ಮರಳಿನ ದಿಬ್ಬ ಮಾತ್ರ.

ಲಿಂಗಾಯತರಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಹಾಗಾಗಿ ಮಣ್ಣು ಮಾಡುತ್ತಾರೆಂದು ತಿಳಿದಾಗ ರೇಣುಕಪ್ರಸಾದನಿಗೆ ಒಂದು ಗಳಿಗೆ ಸಮಾಧಾನವೇ ಆಗಿತ್ತು. ಆದರೆ ಊರಿನಲ್ಲಾದರೆ ಚಕ್ಕಳಮಕ್ಕಳ ಹಾಕಿಸಿ, ಎಡ ಅಂಗೈಗೆ ಲಿಂಗ ಕೊಟ್ಟು, ವಿಭೂತಿ ಬಳಿದು, ತೋಟದಲ್ಲೇ ಕೂರಿಸುತ್ತಾರೆ. ದಯಾನಂದನ ಅಪ್ಪ, ತಾತ ಎಲ್ಲರೂ ಹಾಗೇ ಕೂತಿರುವವರು. ಇಲ್ಲಿ ಯಂತ್ರ ಉದ್ದಕ್ಕೆ ಗುಂಡಿ ತೋಡಿತ್ತು. ರೇಣುಕಪ್ರಸಾದನನ್ನು ಹಗ್ಗದಾಚೆ ನಿಲ್ಲಿಸಿದ್ದರು. ಅವನು ಮನೆಗೆ ಬಂದು ಸ್ನಾನ ಮಾಡಿ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು, “ಮಲಗಿಸಿಬಿಟ್ರು ಕಣೇ,” ಎಂದಿದ್ದ. ಆಮೇಲೆ ಆ ಮಾತು ಆ ಮನೆಯಲ್ಲಿ ಬರಲಿಲ್ಲ. ಮಂಜಮ್ಮ ಎಂದಾದರೂ ಕೇಳುತ್ತಾಳೆಂದು ಕಾದರು. ಅವಳು ಫೋನಿನಲ್ಲಿ ಮಳೆ ಬಂತೇ ಎಂದು ಕೇಳಿದಳು, ಇಂಪನಾಳ ಹಲ್ಲು ಬಿತ್ತೇ ಎಂದು ಕೇಳಿದಳು. ಅದೊಂದನ್ನು ಕೇಳಲಿಲ್ಲ.

ಧೂಪದ ಪೇಟೆಯಲ್ಲಿ ಮಂಜಮ್ಮ ಮೂಟೆಯ ಮುಂದೆ ಕೂತು ಹರಳುಗಳನ್ನು ಒಂದೊಂದೇ ಆರಿಸಿದಳು. ಬುರುಖಾ ಹಾಕಿದ ಅಂಗಡಿಯಾಕೆ ಬಿಡಿಬಿಡಿಯಾಗಿ ಆರಿಸಬಾರದೆಂದು ಅರಬ್ಬಿಯಲ್ಲಿ ಗದರಿದಳು.

“ಏನಂತೆ ಇವಮ್ಮಂದು?”

“ಆರಿಸ್ಬೇಡ ಅಂತವ್ಳೆ.”

“ಆರಿಸ್ದೆ ತಗಳಕೆ ನಾನೇನು ರೇಷನ್ ಅಂಗಡೀಗೆ ಬಂದಿದೀನಾ? ನೋಡವ್ವ, ನಿನ್ ಧೂಪ ನಮ್ಮೂರ್ ಮಠದಲ್ಲಿ ಹಾಕ್ತೀನಿ. ಒಳ್ಳೇದು ಕೊಡು.”

ಅಂಗಡಿಯಾಕೆಗೆ ಏನರ್ಥವಾಯಿತೋ, ನಗುತ್ತ ಇನ್ನೊಂದು ಹಿಡಿ ಹಾಕಿದಳು. ಸರ್ವಮಂಗಳಳಿಗೆ ಹಾಸ್ಟೆಲಿನ ಮಂಜಿ ಸಿಕ್ಕಿದ ಹಾಗಾಯಿತು. ಇವತ್ತು ಹೀಗೇ ಕಳೆದುಹೋಗಲಿ ಎಂದುಕೊಂಡಳು.

ಕಡಲ ದಾರಿಯಲ್ಲಿ ಒಂಟೆಗಳ ಹಿಂಡು ಅಡ್ಡ ಬಂತು. “ಎಮ್ಮೆ ಬುಟ್ಟಂಗೆ ಬುಟ್ಟವ್ರಲ್ಲೇ ಇವ್ನ!” ಎಂದು ಮಂಜಮ್ಮ ಗಾಜು ಇಳಿಸಿ ನೋಡಿದಳು. ಇಲ್ಲಿಯ ಮಳೆಗಾಲವದು, ಮಳೆಯೆಂದರೆ ಮುಖಕ್ಕೆ ತಾಗಿಯೂ ತಾಗದಂಥ ತುಂತುರು. ಗುಡ್ಡಗಳೆಲ್ಲ ಹಸಿರಾಗಿ ಮಂಜು ಮುಚ್ಚಿಕೊಂಡಿದ್ದವು. ಬಂಡೆಯ ತೂತುಗಳಿಂದ ಕಡಲ ನೀರು ಹುಯ್ಯೆಂದು ಚಿಮ್ಮುವಲ್ಲಿ ಜನ ಕಿರುಚುತ್ತ ಫೋಟೋ ತೆಗೆಯುತ್ತಿದ್ದರು. “ನಿಂತ್ಕೋ, ನಿಂದೊಂದು ತೆಗೀತೀನಿ,” ಅಂದಳು ಸರ್ವಮಂಗಳ.

ಮಂಜಮ್ಮ ನಿಲ್ಲಲಿಲ್ಲ. “ಇನ್ನೆಷ್ಟು ತೋರಿಸ್ತೀಯೇ ಮಂಗ್ಳಾ? ಸಾಕು. ನಡಿ, ಅಲ್ಲಿಗೇ ಹೋಗಣ.”

ಸರ್ವಮಂಗಳ ಕಾರನ್ನು ಹಿಂದಕ್ಕೆ ತಿರುಗಿಸಿದಳು. ಗಾಜಿನ ಮೇಲಿನ ಹನಿ ಒರೆಸುವ ಕಡ್ಡಿ ಕಿರುಗುಟ್ಟುತ್ತಿತ್ತು.

“ನಮ್ಮತ್ತೆ ಅವತ್ತಿಂದ ಅನ್ನ ಮುಟ್ಲಿಲ್ಲ ಕಣೇ,” ಅಂದಳು ಮಂಜಮ್ಮ, ಮುಂದಿನ ರಸ್ತೆಯನ್ನೇ ನೋಡುತ್ತ. “ನನ್ ಮಗನ್ನ ಕೂರ್ಸಿದ್ರಾ, ಕೂರ್ಸಿದ್ರಾ ಅಂತ ಒಂದೇ ಸಮ. ನಾನು ನೋಡೋವಷ್ಟು ನೋಡಿ, ‘ಹೂಂ ಅತ್ತೆ, ರೇಣುಕಣ್ಣನೇ ಮುಂದೆ ನಿಂತು ಕೂರ್ಸವ್ರಂತೆ, ಕೈಗೆ ಲಿಂಗ ಕೊಟ್ಟವ್ರಂತೆ’ ಅಂದ್ಬುಟ್ಟೆ. ಎದ್ದು ಉಂಡ್ತು. ಅಯ್ನೋರಿಗೂ ಅದನ್ನೇ ಹೇಳ್ತು, ಊರಿಗೆಲ್ಲ ಅದನ್ನೇ ಹೇಳ್ತು. ಕೇಳ್ತಾ ಕೇಳ್ತಾ ನಂಗೂ ಹಂಗೇ ಕಾಣೋದು. ಕಣ್ಮುಚ್ಚಿದ್ರೆ ಕೂತಿರೋರು.”

ಸರ್ವಮಂಗಳ ಗೇರು ಬದಲಿಸಿದಳು. ಊರಾಚೆ, ಬೇರೆ ಧರ್ಮದವರಿಗೆಂದು ಬಿಟ್ಟ ಜಾಗದ ಗೋಡೆ ಕಾಣತೊಡಗಿತ್ತು. ಗೇಟಿನ ಮುಂದೆ ಕಾರು ನಿಲ್ಲಿಸಿದಳು.

“ನೀನು ಹೇಳು ಈಗ. ಕೂರ್ಸಿದ್ರಾ?”

ಹೂಂ ಎಂದರೆ ಮುಗಿಯುತ್ತಿತ್ತು. ಇನ್ನು ಯಾರೂ ಅಗೆದು ನೋಡುವುದಿಲ್ಲ. ಹೂಂ ಎಂಬುದು ಬಾಯಿಗೂ ಬಂದಿತ್ತು. ಆದರೆ ಮಂಜಮ್ಮ ಇಷ್ಟು ಹೊತ್ತಿಗೆ ತಿರುಗಿ ಅವಳ ಮುಖವನ್ನೇ ನೋಡುತ್ತಿದ್ದಳು. ತಾನೇ ಹೇಳಿದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿಕೊಂಡು ಹೋಗಲು ಇಷ್ಟು ದೂರ ಬಂದವಳ ಮುಖವಾಗಿರಲಿಲ್ಲ ಅದು.

“ಇಲ್ಲ ಕಣೇ,” ಅಂದಳು ಸರ್ವಮಂಗಳ. “ಮಲಗ್ಸಿದ್ರು. ಯಾರನ್ನೂ ಹತ್ರ ಬಿಡ್ಲಿಲ್ಲ. ಇವರು ಕೂಗಿ ಹೇಳಿದ್ರಂತೆ, ಅವರಿಗೆ ತಿಳೀಲಿಲ್ಲ.”

ಮಂಜಮ್ಮನ ತುಟಿ ಅಲುಗಿತು. “ಲಿಂಗ?”

“ಕೊರಳಲ್ಲೇ ಇತ್ತು. ಆಸ್ಪತ್ರೇಲಿ ಒಬ್ಬ ನರ್ಸಮ್ಮನಿಗೆ ಇವರು ಫೋನ್ ಮಾಡಿ ಬೇಡ್ಕೊಂಡಿದ್ರು. ತೆಗೀದೆ ಹಾಗೇ ಬಿಟ್ಟಿದ್ಲು.”

ಮಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸದ್ದು ಬರಲಿಲ್ಲ, ಭುಜ ಮಾತ್ರ ಅಲ್ಲಾಡುತ್ತಿತ್ತು. ಸರ್ವಮಂಗಳ ಅವಳ ಬೆನ್ನ ಮೇಲೆ ಕೈಯಿಟ್ಟಳು. ಇಂಪನಾ ಅತ್ತಾಗ ಸವರುವ ಹಾಗೆ ಸವರಿದಳು. ಗಾಜಿನ ಮೇಲೆ ಹನಿ ಸೇರಿ ಸೇರಿ ಗೋಡೆ ಮರೆಯಾಯಿತು. ಕೊನೆಗೆ ಮಂಜಮ್ಮನೇ ಬಾಗಿಲು ತೆಗೆದಳು.

ಒಳಗೆ ಸಾಲುಸಾಲು ಮರಳಿನ ದಿಬ್ಬಗಳು, ಒಂದೊಂದರ ತಲೆಯ ಹತ್ತಿರ ಒಂದೊಂದು ಕಲ್ಲು. ಗಾಳಿಗೆ ಎಷ್ಟೋ ದಿಬ್ಬಗಳು ನೆಲಸಮವಾಗಿದ್ದವು. ಮೂರನೆಯ ಸಾಲಿನ ಕೊನೆಯಲ್ಲಿ ಸರ್ವಮಂಗಳ ನಿಂತಳು.

“ಇಲ್ಲೇ.”

ಮಂಜಮ್ಮ ಚಪ್ಪಲಿ ಬಿಟ್ಟು ನಿಂತಳು. ಅತ್ತೆ ಕೊಟ್ಟ ವಿಭೂತಿಯನ್ನು ಕಲ್ಲಿಗೆ ಬಳಿದಳು. ತುಂತುರಿಗೆ ಅದು ಆಗಲೇ ಕರಗತೊಡಗಿತು. ಸುತ್ತಲೂ ನೋಡಿದಳು. ಒಂದು ಮರವೂ ಇರಲಿಲ್ಲ.

“ಕೂತೇ ನಿದ್ದೆ ಮಾಡೋರು ಕಣೇ, ಲಾರಿ ಓಡಿಸೋ ಕಾಲ್ದಲ್ಲಿ,” ಅಂದಳು, ಯಾರಿಗೋ ಹೇಳುವಂತೆ. “ಸ್ಟೇರಿಂಗ್ ಮ್ಯಾಲೆ ತಲೆ ಇಟ್ಕಂಡು. ಮನೆಗೆ ಬಂದ್ರೆ ಮೊಣಕಾಲು ನೆಟ್ಟಗೇ ಆಗ್ತಿರ್ಲಿಲ್ಲ.” ಮೂಗು ಒರೆಸಿಕೊಂಡಳು. “ಅತ್ತೆಗೆ ಹೇಳಲ್ಲ ನಾನು. ಅದು ಇರೋಗಂಟ ಮಗ ಕೂತೇ ಇರ್ಲಿ.”

“ಹೂಂ.”

“ಕಾಲು ಎತ್ತಗೆ?”

ಸರ್ವಮಂಗಳ ಕಲ್ಲಿನ ಎದುರು ತುದಿಯನ್ನು ತೋರಿಸಿದಳು. ಮಂಜಮ್ಮ ಅಲ್ಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು, ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು. ಆಮೇಲೆ ಎರಡೂ ಕೈಯಿಂದ ಮರಳನ್ನು ಮೆಲ್ಲಗೆ ಒತ್ತತೊಡಗಿದಳು. ಮೊಣಕಾಲಿರಬಹುದಾದ ಜಾಗದಿಂದ ಕೆಳಕ್ಕೆ, ಮೀನಖಂಡ, ಹಿಮ್ಮಡಿ, ಮತ್ತೆ ಮೇಲಿಂದ. ಒತ್ತಿದಲ್ಲೆಲ್ಲ ಒದ್ದೆ ಮರಳಿನ ಮೇಲೆ ಅಂಗೈ ಗುರುತು ಮೂಡುತ್ತಿತ್ತು.