ಕೆಂಪು ಹೋದ ಮೋರಿ

ಬಣ್ಣದ ಕಾರ್ಖಾನೆಯ ಹಿಂದಿನ ಮೋರಿ ಮೊದಲೆಲ್ಲ ಕೆಂಪಗೆ ಹರಿಯುತ್ತಿತ್ತು. ಬೀದಿನಾಯಿಯೂ ಅದಕ್ಕೆ ಮೂತಿ ಹಾಕುತ್ತಿರಲಿಲ್ಲ. ಆ ನೀರನ್ನು ತಿಳಿಯಾಗಿಸಿದವಳು ಮಾಲೀಕರ ತಮ್ಮನ ಹೆಂಡತಿ. ಕಡಲೆಕಾಯಿ ಸಿಪ್ಪೆಯನ್ನು ಆಮ್ಲದಲ್ಲಿ ನೆನೆಸಿ, ಗಾಳಿಯಾಡದ ಡ್ರಮ್ಮಿನಲ್ಲಿ ಸುಟ್ಟು, ತೊಳೆದು ಒಣಗಿಸಿ ಕರೀ ಪುಡಿ ಮಾಡಿದಳು. ಅದನ್ನು ತುಂಬಿದ ಎತ್ತರದ ಕೊಳವೆಗಳಲ್ಲಿ ಇಳಿದ ನೀರು ಬಣ್ಣವನ್ನೆಲ್ಲ ಒಳಗೇ ಬಿಟ್ಟು ಹೊರಬಂತು. ಎಷ್ಟು ಉಜ್ಜಿದರೂ ಕೈಯ ಕಪ್ಪು ಹೋಗದಿದ್ದುದಕ್ಕೆ ಕೆಲಸಗಾರರು ಅವಳಿಗೆ ಮಸಿಯಕ್ಕ ಎಂದು ಹೆಸರಿಟ್ಟರು. ಹೆಸರು ಅವಳಿಗೂ ಹಿಡಿಸಿತ್ತು.

ಮೊದಲ ದಿನ ಉಬ್ಬಿಹೋಗಿ, ಎಲ್ಲರೆದುರು ಆ ನೀರನ್ನೇ ಒಂದು ಲೋಟ ಹಿಡಿದು ಗಟಗಟನೆ ಕುಡಿದೂ ಬಿಟ್ಟಳು. ಎಡವಿದ್ದು ಅಲ್ಲೇ.

ಆಗ ಕಾರ್ಖಾನೆಯಲ್ಲಿದ್ದದ್ದು ಹತ್ತಿಯ ನೂಲು. ಆಮೇಲೆ ಮಾಲೀಕರಾದ ಭಾವ ಉಣ್ಣೆಗೆ ಕೈಹಾಕಿದರು. ಉಣ್ಣೆಗೆ ಬಣ್ಣ ಕಚ್ಚಬೇಕಾದರೆ ಕ್ರೋಮ್ ಎಂಬ ವಿಷದ ಲವಣ ಬೇಕು. ಅವಳ ಮಸಿ ಬಣ್ಣವನ್ನು ಹಿಡಿಯುತ್ತದೆ, ಕ್ರೋಮನ್ನು ದಾಟಿಸಿಬಿಡುತ್ತದೆ. ಬರಿಗಣ್ಣಿಗೆ ಅದು ಕಾಣದು. ಅವಳ ಪರೀಕ್ಷೆಯ ಗಾಜಿನ ಕೊಳವೆಯಲ್ಲಿ ಮಾತ್ರ ನೇರಳೆ ಬಣ್ಣವಾಗಿ ಏಳುತ್ತದೆ.

ಇತ್ತ ಮೋರಿಯ ಅಂಚಿನಲ್ಲಿ ಸೊಪ್ಪು ಬೆಳೆಯುವ ಹೆಂಗಸು ದೂರದ ನಲ್ಲಿಯ ಸಹವಾಸ ಬಿಟ್ಟು ಮೋರಿಗೇ ಕೊಡ ಇಳಿಸಿದಳು.

"ಆ ನೀರು ಮುಟ್ಟಬೇಡಿ, ಅದರಲ್ಲಿ ವಿಷ ಇದೆ," ಎಂದಳು ಮಸಿಯಕ್ಕ.

ಸೊಪ್ಪಿನವಳು ನಕ್ಕಳು. "ಸುಮ್ನಿರಮ್ಮ. ನೀನೇ ಕುಡಿದದ್ದನ್ನ ಕಣ್ಣಾರೆ ನೋಡಿದೀನಿ."

"ಆಗಿನ ನೀರೇ ಬೇರೆ."

"ಆಗ್ಲೂ ತಿಳಿ, ಈಗ್ಲೂ ತಿಳಿ. ಕೆಂಪಗಿದ್ದಾಗ ನಾನೇನು ಮುಟ್ಟಿದ್ನಾ?"

ಆ ಮಾತು ಮಸಿಯಕ್ಕನ ಎದೆಗೆ ನಾಟಿತು. ಜನರನ್ನು ದೂರವಿಟ್ಟಿದ್ದ ಒಂದೇ ಕಾವಲನ್ನು ಅವಳೇ ತೊಳೆದು ಹಾಕಿದ್ದಳು.

ಭಾವನ ಮುಂದೆ ಹೋಗಿ ನಿಂತಳು. "ಕ್ರೋಮ್ ತೆಗೆಯೋಕೆ ಬೇರೆ ತೊಟ್ಟಿ ಬೇಕು ಭಾವ. ಅಲ್ಲೀವರೆಗೆ ಉಣ್ಣೆ ನಿಲ್ಲಿಸಿ."

"ತೊಟ್ಟಿ ಆಮೇಲೆ ನೋಡೋಣಮ್ಮ. ಈಗ ಬಾಯಿಬಿಟ್ರೆ ಕಾರ್ಖಾನೆಗೆ ಬೀಗ ಬೀಳತ್ತೆ. ನಿನ್ನ ಗಂಡನೂ ಇಲ್ಲೇ ದುಡಿಯೋದು, ನೆನಪಿರಲಿ." ಗದರಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಅಕ್ಕರೆಯಿಂದಲೇ ಹೇಳಿದರು. ರಾತ್ರಿ ಗಂಡನಿಗೆ ಹೇಳಿದರೆ, "ಅಣ್ಣ ಏನಂದ?" ಎಂದಷ್ಟೇ ಕೇಳಿ ಗೋಡೆಯ ಕಡೆ ಹೊರಳಿದ.

ಮರುದಿನ ಊಟಕ್ಕೆ ಕೂತಾಗ ಅತ್ತೆ ತಟ್ಟೆಗೆ ಸೊಪ್ಪು ಬಡಿಸಿದರು. "ತಿನ್ನು, ನಿನ್ನ ನೀರಲ್ಲೇ ಬೆಳೆದದ್ದು," ಎಂದರು ಹೆಮ್ಮೆಯಿಂದ. ತುತ್ತು ಬಾಯಲ್ಲೇ ಉಳಿಯಿತು. ಮನೆಯವರೆಲ್ಲ ಚಪ್ಪರಿಸಿ ತಿನ್ನುತ್ತಿದ್ದರು.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಕಾರ್ಖಾನೆಗೆ ಹೋದಳು. ಬಣ್ಣದ ಕೋಣೆಯಿಂದ ಒಂದು ಹಿಡಿ ಕೆಂಪು ಪುಡಿ ತಂದು, ಕೊಳವೆಗಳನ್ನು ದಾಟಿ ಹೊರಬರುವ ತಿಳಿನೀರಿಗೆ ತಾನೇ ಸುರಿದಳು. ತನ್ನ ದುಡಿಮೆಗೆ ತಾನೇ ಮಸಿ ಬಳಿದಂತೆ ಅನ್ನಿಸಿ ಅಳು ಬಂತು. ಮೋರಿ ಕೆಂಪಾಯಿತು.

ಸೊಪ್ಪಿನವಳು ತುಂಬಿದ್ದ ಕೊಡವನ್ನು ಚೆಲ್ಲಿದಳು. "ನಿನ್ನ ಮಸಿ ಕೈಕೊಡ್ತೇನಮ್ಮ?"

"ಹೌದು, ಕೈಕೊಡ್ತು," ಎಂದಳು ಮಸಿಯಕ್ಕ.

ಸೊಪ್ಪಿನವಳು ಗೊಣಗುತ್ತ ನಲ್ಲಿಯ ದಾರಿ ಹಿಡಿದಳು.

ಭಾವ ಓಡಿಬಂದರು. ಮೋರಿಯನ್ನು ನೋಡಿದರು, ಅವಳ ಮುಖ ನೋಡಿದರು. ಅವಳು ಕೆಂಪಾದ ಅಂಗೈಯನ್ನು ಕೆಲಸದ ಕೋಟಿನ ಜೇಬಿಗೆ ತುರುಕಿದಳು.

"ಎಷ್ಟು ಸಿಪ್ಪೆ ಬೇಕಾದ್ರೂ ತರಿಸ್ಕೊ. ನೀರು ತಿಳಿಯಾಗೋವರೆಗೆ ನೀನು ಇಲ್ಲಿಂದ ಕದಲಬೇಡ," ಎಂದರು.

"ಆಗಲಿ ಭಾವ," ಎಂದಳು. ಜೇಬಿನೊಳಗೆ ನಾಳೆಗೆಂದು ಇನ್ನೊಂದು ಹಿಡಿ ಕೆಂಪು ಪುಡಿ ಆಗಲೇ ಕಾಗದದಲ್ಲಿ ಕಟ್ಟಿಟ್ಟಿತ್ತು.