ಹಾಲಿನ ಬೀಜ

ನನ್ನ ಮಗಳು ಜೆಲಿಪಾಳಿಗೆ ಎಚ್‌ಐವಿ ಇತ್ತು. ಅವಳ ಗಂಡ ಅದರಿಂದಲೇ ತೀರಿಕೊಂಡಿದ್ದ. ಅವಳ ಕೂಸು ಯಾಮಿಕಾನಿಗೆ ಆರು ವಾರವಾದಾಗ ರಕ್ತ ಪರೀಕ್ಷಿಸಿ, ರೋಗವಿಲ್ಲ ಎಂದರು. ಆ ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿದ ನಾನು ಬಹಳ ಹೊತ್ತು ಏಳಲಿಲ್ಲ. ದೇವರು ಈ ಒಂದು ಜೀವವನ್ನಾದರೂ ನಮಗೆ ಬಿಟ್ಟ ಅಂದುಕೊಂಡೆ.

ಲುಸಾಕಾದ ನಮ್ಮ ಕೇರಿಯ ಕ್ಲಿನಿಕ್ಕಿನಲ್ಲಿ ಆಗ ಅಂಥ ತಾಯಂದಿರ ಹಾಲನ್ನೂ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಳ್ಳುತ್ತಿದ್ದರು. ನೆರೆಯ ಎಸ್ನಾತಿ ಬೇಲಿಯಾಚೆಯಿಂದ ಕೂಗುವಳು: "ಏನೇ ಜೆಲಿಪಾ, ಇವತ್ತೂ ಹಾಲು ಕರೆಸ್ಕೊಳ್ಳೋಕೆ ಹೊರಟ್ಯಾ? ಡಾಕ್ಟ್ರು ಟೀ ಕಾಯಿಸೋದೇ ಅದ್ರಲ್ಲಂತೆ!"

"ಹೂಂ ಕಣಕ್ಕಾ, ನಿನ್ನ ಹತ್ರ ಇದ್ರೆ ನೀನೂ ಕೊಡು ಬಾ" ಎಂದು ಜೆಲಿಪಾ ನಗುವಳು.

ಒಂದು ಸಲ ನಾನೂ ಜೊತೆಗೆ ಹೋದೆ. ಹಾಲಿನಲ್ಲಿ ಏನು ಹುಡುಕುತ್ತೀರಿ ಎಂದು ನರ್ಸ್ ನಾಲಿಶೇಬೊಳನ್ನು ಕೇಳಿದೆ. ಅವಳು ಪಶ್ಚಿಮದ ಕಡೆಯವಳು; ನಮ್ಮ ನ್ಯಾಂಜಾ ಮಾತು ಅಷ್ಟಕ್ಕಷ್ಟೆ. ಅವರು ಹುಡುಕುತ್ತಿದ್ದದ್ದು, ನನಗೆ ಎಷ್ಟೋ ಆಮೇಲೆ ತಿಳಿದಂತೆ, ಆಕರಕೋಶವನ್ನು, ದೇಹದ ಯಾವ ಭಾಗವಾಗಿ ಬೇಕಾದರೂ ಬೆಳೆಯಬಲ್ಲ ಕಣವನ್ನು. ಅದಕ್ಕೆ ನ್ಯಾಂಜಾದಲ್ಲಿ ಹೆಸರಿಲ್ಲ. ಅವಳು 'ಬೀಜ' ಎಂದಳು.

"ಅಜ್ಜಿ, ತಾಯಿ ಹಾಲಲ್ಲಿ ಬೀಜ ಇರತ್ತೆ, ರಕ್ತದಲ್ಲೂ ಇರತ್ತೆ. ರೋಗ ಅದ್ರೊಳಗೆ ಅಡಗಿ ಕೂತಿರತ್ತಾ ಅಂತ ನೋಡ್ತಿದೀವಿ. ಅಲ್ಲಿ ಕೂತ್ರೆ ಮಾತ್ರೆಗೂ ಸಿಗಲ್ಲ."

ಆಮೇಲೆ ಇನ್ನೊಂದು ಮಾತೂ ಹೇಳಿದಳು: ಆರು ತಿಂಗಳು ಎದೆಹಾಲೊಂದೇ ಕೊಡಬೇಕು, ನೀರೂ ಕೂಡದು, ಬೇರೇನಾದರೂ ಸೇರಿದರೆ ಕೂಸಿನ ಕರುಳು ಕೆರಳಿ ರೋಗಕ್ಕೆ ದಾರಿಯಾಗುತ್ತದೆ. ನನ್ನ ಕಿವಿ ಬೀಜದಲ್ಲೇ ನಿಂತಿತ್ತು. ನಾನು ನಲವತ್ತು ವರ್ಷ ಮೆಕ್ಕೆಜೋಳ ಬಿತ್ತಿದವಳು. ಒಳಗೆ ಬಿದ್ದ ಬೀಜ ಮೊಳೆಯದೆ ಇರುತ್ತದೆಯೇ?

ಜೆಲಿಪಾ ಬೆಳಿಗ್ಗೆ ಹಾಲು ಹಿಂಡಿಟ್ಟು ಟೊಮೇಟೊ ಮಾರಲು ಹೋಗುತ್ತಿದ್ದಳು. ನಾನು ಆ ಹಾಲನ್ನು ಚೆಲ್ಲಿ, ಪ್ರಾರ್ಥನೆ ಮಾಡಿ, ಕೂಸಿಗೆ ತೆಳು ಗಂಜಿ ಕುಡಿಸಿದೆ. ಎರಡು ತಿಂಗಳು ಹೀಗೇ ನಡೆಯಿತು: ಹಗಲು ನನ್ನ ಗಂಜಿ, ರಾತ್ರಿ ಅವಳ ಎದೆಹಾಲು. ಆಗಾಗ ಭೇದಿಯಾಗುತ್ತಿತ್ತು, ಹಲ್ಲು ಬರುತ್ತಿದೆ ಎಂದೆ.

ಆರನೆಯ ತಿಂಗಳಲ್ಲಿ ಮತ್ತೆ ಪರೀಕ್ಷೆಯಾಯಿತು. ನಾಲಿಶೇಬೊ ಕಾಗದವನ್ನು ಎರಡು ಸಲ ಓದಿದಳು.

"ಜೆಲಿಪಾ, ಮಗೂಗೆ ಬಂದ್ಬಿಟ್ಟಿದೆ. ಹಾಲು ಬಿಟ್ಟು ಬೇರೇನಾದ್ರೂ ಕೊಟ್ಯಾ?"

"ಒಂದು ಹನಿ ನೀರೂ ಕೊಟ್ಟಿಲ್ಲ, ಸಿಸ್ಟರ್. ದೇವರಾಣೆ."

"ಎಲ್ರೂ ಹೀಗೇ ಅಂತಾರಮ್ಮ."

ಮಗಳ ಆಣೆ ಸುಳ್ಳಾಗುವುದನ್ನು ಕೇಳಿಕೊಂಡು ಕೂರಲಾಗಲಿಲ್ಲ. "ನಾನು ಕೊಟ್ಟೆ, ಗಂಜಿ. ಆ ಬೀಜ ಒಳಗೆ ಹೋಗ್ಬಾರ್ದು ಅಂತ" ಎಂದೆ.

ನರ್ಸ್ ಹಣೆಗೆ ಕೈಯಿಟ್ಟಳು. ಜೆಲಿಪಾ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಎದ್ದಳು. ದಾರಿಯಲ್ಲಿ ತಿರುಗಿ ನೋಡದೆಯೇ ಕೇಳಿದಳು: "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತೇನಮ್ಮಾ?"

ಕೂಸುಗಳ ಔಷಧಿ ಆಗಿನ್ನೂ ನಮ್ಮ ಕ್ಲಿನಿಕ್ಕಿಗೆ ಬಂದಿರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಯಾಮಿಕಾನಿ ಹೋದ.

ನಮ್ಮಲ್ಲಿ ಮಣ್ಣಿಗೆ ಒಯ್ಯುವ ಮುಂಚೆ ಕೂಸನ್ನು ಅಜ್ಜಿಯೇ ಮೀಯಿಸಬೇಕು. ನಾನು ನೀರು ಕಾಯಿಸಿ ತಂದೆ. ಜೆಲಿಪಾ ಬಾಗಿಲಲ್ಲೇ ನನ್ನ ಕೈಯಿಂದ ಬೋಗುಣಿ ತೆಗೆದುಕೊಂಡು ಎಸ್ನಾತಿಗೆ ಕೊಟ್ಟಳು. ನಾನು ಹೊರಗೆ ಕುಳಿತೆ. ಒಳಗೆ ಹೆಂಗಸರು ಸ್ತೋತ್ರ ಶುರುಮಾಡಿದರು. ನಮ್ಮ ಕೇರಿಯ ಸಾವುಗಳಲ್ಲಿ ಆ ಹಾಡನ್ನು ಎತ್ತಿಕೊಡುವವಳು ನಾನು. ಅಂದು ಬೇರೆ ಯಾರೋ ಎತ್ತಿದರು.