ಟೈಮಿಗೆ ಸರಿಯಾಗಿ ಬಂದ ಸೂಟ್‌ಕೇಸು

ಜಿಪ್ ಅಕ್ಕನ ಅಂಗಡಿಗೂ ನನ್ನ ಬೀಗದ ಅಂಗಡಿಗೂ ನಡುವೆ ಇರೋದು ಒಂದೇ ಹಲಗೆ ಗೋಡೆ. ಅಲ್ಲಿ ಅವಳು ಸೀನಿದರೆ ಇಲ್ಲಿ ನಾನು ಮೂಗು ಒರೆಸಿಕೊಳ್ಳಬೇಕು, ಅಷ್ಟು ಹತ್ತಿರ. ಬ್ಯಾಗು, ಸೂಟ್‌ಕೇಸು, ಏನೇ ಹರಿದು ಮುರಿದು ಬರಲಿ, ಅಕ್ಕ ಸರಿ ಮಾಡಿಕೊಡುತ್ತಾಳೆ. ಹೊಲಿಗೆಯ ಬಗ್ಗೆ ಯಾರೂ ಬೆರಳು ತೋರಿಸೋ ಹಾಗಿಲ್ಲ. ಹೇಳಿದ ದಿನಕ್ಕೆ ಕೊಡೋದು ಮಾತ್ರ ಅವಳ ಜಾತಕದಲ್ಲೇ ಇರಲಿಲ್ಲ. ಯಾವಾಗ ಕೇಳಿದರೂ "ನಾಳೆ ಬನ್ನಿ."

ಅಂಥ ಅಂಗಡಿಗೆ ಈ ವರ್ಷ ಯೂನಿವರ್ಸಿಟಿಯಿಂದ ಒಬ್ಬಳು ಹುಡುಗಿ ಬಂದಳು, ಬಿಸಿನೆಸ್ ಓದುವವಳು. ಅವರ ಮೇಡಂದು ಒಂದು ಹೊಸ ಪದ್ಧತಿಯಂತೆ. ವ್ಯಾಪಾರ ಅನ್ನೋದನ್ನು ಬರೀ ಪುಸ್ತಕದಲ್ಲಿ ಓದಿದರೆ ಸಾಲದು, ಒಂದು ಸಣ್ಣ ಅಂಗಡಿಗೆ ಹೋಗಿ ಮೈ ಬಗ್ಗಿಸಿ ದುಡಿಯಿರಿ, ಅವರಿಗೆ ಏನಾದರೂ ಉಪಕಾರ ಆಗೋ ಹಾಗೆ ಮಾಡಿ, ಅದರಿಂದ ನೀವೇನು ಕಲಿತಿರಿ ಅಂತ ಬಂದು ಕ್ಲಾಸಿನಲ್ಲಿ ಹೇಳಿ ಅಂತ. ಹುಡುಗಿ ಮಾತಿಗೊಮ್ಮೆ "ಒಂದು ಪ್ಲಾನ್ ಮಾಡೋಣ ಅಕ್ಕಾ" ಅನ್ನುತ್ತಿದ್ದಳು. ಎರಡೇ ದಿನಕ್ಕೆ ಅಕ್ಕ ಅವಳ ಹೆಸರನ್ನೇ ಬದಲಾಯಿಸಿಬಿಟ್ಟಳು.

"ಪ್ಲಾನೂ, ಆ ದಪ್ಪ ಸೂಜಿ ಕೊಡೇ."

ಹುಡುಗಿ ಸೂಜಿ ಚುಚ್ಚಿಸಿಕೊಂಡಳು, ಬೈಸಿಕೊಂಡಳು, ಜಿಪ್ಪು ಬಿಚ್ಚಿ ಹಾಕೋದು ಕಲಿತಳು. ಆಮೇಲೆ ಒಂದು ದಿನ ಬಾಯಿ ತೆರೆದಳು.

"ಅಕ್ಕಾ, ಜನ ಅಲೆದೂ ಅಲೆದೂ ಬೈಕೊಂಡು ಹೋಗ್ತಾರೆ."

"ಬೈದರೂ ಬರ್ತಾರಲ್ಲ?"

"ಬರೋದು ಬಿಟ್ಟೋರು ಬಂದು ಹೇಳ್ತಾರಾ?"

ಹಲಗೆಯ ಆ ಕಡೆ ಅಕ್ಕನ ಮೆಷಿನ್ನು ಮತ್ತೆ ಜೋರಾಗಿ ಓಡತೊಡಗಿತು. ಅಕ್ಕನ ಬಾಯಿ ಮುಚ್ಚಿಸಿದವರನ್ನು ನಾನು ಅವತ್ತೇ ಮೊದಲು ಕಂಡದ್ದು.

ಅಲ್ಲಿಂದ ಶುರುವಾಯಿತು ಬಟ್ಟೆ ಪಟ್ಟಿಯ ಏರ್ಪಾಡು. ಬಂದ ಒಂದೊಂದು ಬ್ಯಾಗಿಗೂ ಒಂದು ಪಟ್ಟಿ. ಅರ್ಜೆಂಟಿಗೆ ಕೆಂಪು, ಈ ವಾರಕ್ಕೆ ಹಳದಿ, ನಿಧಾನಕ್ಕೆ ಹಸಿರು. ಸಂಜೆ ಪ್ಲಾನೇ ಸ್ಕೂಟರಿನಲ್ಲಿ ಮನೆಮನೆಗೆ ತಲುಪಿಸುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ಅಂಗಡಿಗೆ ಕಳೆ ಬಂತು. ಮುನಿಸಿಕೊಂಡು ಹೋದವರೂ ತಿರುಗಿ ಬಂದರು. "ನಿನ್ನ ಅಂಗಡಿಗೂ ಒಬ್ಬಳು ಪ್ಲಾನ್ ಬೇಕು" ಅಂತ ನನ್ನ ಹೆಂಡತಿ ಶುರು ಮಾಡಿದಳು.

ಎಡವಟ್ಟಾದದ್ದು ಡ್ರೈವರ್ ತಾತನ ಸೂಟ್‌ಕೇಸಿನಿಂದ.

ತಾತ ಹಿಂದಿನ ಬೀದಿಯವರು, ಬಸ್ಸು ಓಡಿಸಿ ರಿಟೈರಾದವರು. ಅಜ್ಜಿಯ ಜೊತೆ ಜಗಳವಾದರೆ ಅವರದು ಒಂದೇ ಮಾತು: "ನಾಳೆ ಫಸ್ಟ್ ಬಸ್ಸಿಗೆ ತಂಗಿ ಮನೆಗೆ ಹೊರಟೆ, ಮತ್ತೆ ಈ ಹೊಸಿಲು ತುಳಿಯಲ್ಲ!" ಅಂದು ಅಟ್ಟದಿಂದ ಸೂಟ್‌ಕೇಸು ಇಳಿಸುವುದು. ಅವರು ಸ್ನಾನಕ್ಕೆ ಹೋದಾಗ ಅಜ್ಜಿ ಅದನ್ನು ತಂದು "ಹಿಡಿ ಸಡಿಲ ಆಗಿದೆ" ಅಂತ ಅಕ್ಕನ ಕೈಗೆ ಕೊಡುವುದು. ತಾತ ಬಂದು ಕೇಳಿದರೆ ಅಕ್ಕ "ನಾಳೆ ಬನ್ನಿ ದೊಡ್ಡಪ್ಪ" ಅನ್ನುವುದು. ಎರಡು ನಾಳೆ ಕಳೆಯೋದರೊಳಗೆ ಕೋಪ ಇಳಿದು, ಇಬ್ಬರೂ ಒಟ್ಟಿಗೇ ಬಂದು ಸೂಟ್‌ಕೇಸು ಒಯ್ಯುತ್ತಿದ್ದರು. ಎಷ್ಟೋ ವರ್ಷದ ಪರಿಪಾಠ.

ಈ ಸಲ ಅಜ್ಜಿ ಬಂದಾಗ ಅಕ್ಕ ಮಗಳ ಶಾಲೆಗೆ ಹೋಗಿದ್ದಳು. ನಾನು ಯಾರದೋ ಮನೆಯ ಬೀಗ ತೆಗೆಯಲು ಹೋಗಿದ್ದೆ. ಇದ್ದವಳು ಪ್ಲಾನ್ ಒಬ್ಬಳೇ.

"ನಿಧಾನಕ್ಕೆ ಮಾಡಮ್ಮ, ಆತುರ ಇಲ್ಲ" ಅಂದರಂತೆ ಅಜ್ಜಿ.

ಪಾಪ, ವಯಸ್ಸಾದವರು, ಸಂಕೋಚಕ್ಕೆ ಹಾಗಂದರು ಅಂದುಕೊಂಡಳು ಹುಡುಗಿ. ಕೆಂಪು ಪಟ್ಟಿ ಕಟ್ಟಿದಳು. ಮೊದಲ ಸಲ ತಾನೊಬ್ಬಳೇ ಕೂತು ಹಿಡಿ ಹೊಲಿದಳು. ಸಂಜೆಯೇ ಒಯ್ದು ತಾತನ ಕೈಗೆ ಕೊಟ್ಟಳು.

ಮರುದಿನ ಬೆಳಗ್ಗೆ ಹೆಮ್ಮೆಯಿಂದ ಅದನ್ನೇ ಹೇಳುತ್ತಿದ್ದಳು. ಅಕ್ಕನ ಮೆಷಿನ್ನು ಗಕ್ಕನೆ ನಿಂತಿತು.

"ಯಾರ ಕೈಗೆ ಕೊಟ್ಟೆ?"

"ತಾತನಿಗೇ. ಯಾಕಕ್ಕಾ?"

ಆ ಸೂಟ್‌ಕೇಸಿನ ಗುಟ್ಟನ್ನು ಅಕ್ಕ ಹೇಳಿ ಮುಗಿಸೋದರೊಳಗೆ ಅಜ್ಜಿಯೇ ಏದುಸಿರು ಬಿಡುತ್ತಾ ಬಂದರು. "ನಮ್ಮನೆಯವರು ಈ ಕಡೆ ಬಂದ್ರಾ? ಎದ್ದು ನೋಡ್ತೀನಿ, ಅವರೂ ಇಲ್ಲ, ಅವರ ಅಂಗಿಗಳೂ ಇಲ್ಲ. ಯಾವತ್ತೂ ಹೀಗೆ ಹೋದವರಲ್ಲ ಕಣಮ್ಮಾ."

ಅಜ್ಜಿಯನ್ನು ನನ್ನ ಅಂಗಡಿಯೊಳಗೆ ಕೂರಿಸಿ ನೀರು ಕೊಟ್ಟೆ. ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆಂದು ಹುಡುಗಿ ಸ್ಕೂಟರಿನ ಕೀಲಿ ಹುಡುಕುತ್ತಿದ್ದಾಗಲೇ ಹೊರಗಿಂದ ಗುಡುಗು ಕೇಳಿಸಿತು.

"ಎಂಥ ರಿಪೇರಿ ರೀ ಇದು!"

ತಾತ! ಸೂಟ್‌ಕೇಸನ್ನು ಮಗು ಎತ್ತಿಕೊಂಡ ಹಾಗೆ ಎದೆಗವಚಿಕೊಂಡಿದ್ದಾರೆ, ಕಿತ್ತುಬಂದ ಹಿಡಿ ಕೈಯಲ್ಲಿದೆ. "ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ, ಹಿಡಿ ನನ್ನ ಜೊತೆ ಬಂತು, ಸೂಟ್‌ಕೇಸು ರೋಡಲ್ಲೇ ನಿಂತಿತು! ಕಂಡಕ್ಟರ್ ನಕ್ಕ."

"ನಾನೇ ಹೊಲಿದದ್ದು ತಾತ" ಅಂದಳು ಹುಡುಗಿ. "ಹಿಡಿ ಹಾಗಿರಲಿ. ಹೋಗಬೇಡಿ ತಾತ. ಅಜ್ಜಿ ಇದನ್ನ ಇಲ್ಲಿ ತಂದಿಡೋದೇ ನೀವು ಹೋಗಬಾರದು ಅಂತ. ನನಗೆ ಗೊತ್ತಿರಲಿಲ್ಲ."

ತಾತ ಬೆಂಚಿನ ಮೇಲೆ ಕೂತರು. ದನಿ ಇಳಿಯಿತು.

"ನನಗೆ ಗೊತ್ತಿಲ್ವೇನಮ್ಮ ಅದು? ಅವಳು ಒಯ್ದು ಬಚ್ಚಿಡ್ತಾಳೆ ಅನ್ನೋ ಧೈರ್ಯದ ಮೇಲೇ ನಾನು ಅಟ್ಟ ಹತ್ತೋದು. ನಿನ್ನೆ ನೀನು ಬಂದು 'ಅಜ್ಜಿ ಕೊಟ್ಟಿದ್ದು, ಅರ್ಜೆಂಟ್ ಅಂತ ಇವತ್ತೇ ತಂದೆ' ಅಂದೆ. ಆಯ್ತು, ಇವಳಿಗೂ ಸಾಕಾಯ್ತು, ಹೋಗಲಿ ಅಂತಲೇ ಕಳಿಸಿದ್ದಾಳೆ ಅಂದುಕೊಂಡೆ. ರಾತ್ರಿ ಕಣ್ಣು ಮುಚ್ಚಲಿಲ್ಲ ನಾನು."

"ಅರ್ಜೆಂಟ್ ಅಂದದ್ದು ಅಜ್ಜಿ ಅಲ್ಲ, ತಾತ. ಆ ಪಟ್ಟಿ ಕಟ್ಟಿದ್ದು ನಾನು."

"ಆತುರ ಇಲ್ಲ ಅಂತ ಬಾಯಿಬಿಟ್ಟು ಹೇಳಿದ್ದೆ ಕಣ್ರೀ!" ಅಂತ ನನ್ನ ಹಲಗೆ ಗೋಡೆ ಕೂಗಿತು.

ತಾತ ಬೆಚ್ಚಿ ಎದ್ದರು. "ಅಲ್ಲಿ ಕೂತು ಏನು ಕೂಗ್ತೀಯ? ಇಲ್ಲಿ ಬಾ."

ಅಜ್ಜಿ ಬಂದರು. ತಾತನ ಮುಖ ನೋಡಲಿಲ್ಲ, ನೇರವಾಗಿ ಸೂಟ್‌ಕೇಸು ತೆರೆದರು. "ಬರೀ ಅಂಗಿ ತುಂಬಿದ್ದೀರಿ. ಸ್ವೆಟರ್ ಇಲ್ಲ, ಕೆಮ್ಮಿನ ಔಷಧಿ ಇಲ್ಲ. ಈ ಚಂದಕ್ಕೆ ಫಸ್ಟ್ ಬಸ್ಸು ಬೇರೆ." ಅಂಗಿಗಳನ್ನೆಲ್ಲ ಟವಲಿನಲ್ಲಿ ಗಂಟು ಕಟ್ಟಿ ತಾತನ ಕೈಗೆ ಕೊಟ್ಟರು. ಸೂಟ್‌ಕೇಸನ್ನು ಅಕ್ಕನ ಮೇಜಿನ ಕೆಳಗೆ ಕಾಲಿನಲ್ಲೇ ತಳ್ಳಿದರು.

"ಯಾವಾಗ ಕೊಡ್ತೀಯಮ್ಮ?" ಅಂದರು ತಾತ, ಗಂಟು ಹಿಡಿದುಕೊಂಡು.

ಹುಡುಗಿ ಅಕ್ಕನ ಕಡೆ ನೋಡಿದಳು. ಅಕ್ಕ ದಾರಕ್ಕೆ ಮೇಣ ಹಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

"ನಾಳೆ ಬನ್ನಿ ತಾತ" ಅಂದಳು ಹುಡುಗಿ.

ಇಬ್ಬರೂ ಹೋದ ಮೇಲೆ ಹುಡುಗಿಯ ಕಣ್ಣಲ್ಲಿ ನೀರು. "ಅಕ್ಕಾ, ಕ್ಲಾಸಲ್ಲಿ ಏನಂತ ಹೇಳ್ಲಿ? ಹೊಲಿಗೆ ಕಿತ್ತುಹೋಯ್ತು, ಅದಕ್ಕೇ ಬಚಾವಾದೆ ಅಂತಾನಾ?"

"ಹಾಗೇ ಹೇಳು. ಅಕ್ಕನೂ ಮುಂಚೆ ಒಂದು ಮಾತು ಹೇಳಿರಲಿಲ್ಲ ಅಂತ ಸೇರಿಸು. ನನ್ನ ನಾಳೆಗಳಲ್ಲಿ ಯಾವುದು ಬೇಕಂತ ಹೇಳಿದ್ದು, ಯಾವುದು ಬರೀ ಸೋಮಾರಿತನ ಅಂತ ನನಗೇ ಕಲಸಿಹೋಗಿತ್ತು ಕಣೇ."

ಪ್ಲಾನ್ ಮೂಗೊರೆಸಿಕೊಂಡಳು. ಕೆಂಪು ಪಟ್ಟಿ ಬಿಚ್ಚಿ ಬಿಸಾಕಿದಳು. ಹಸಿರನ್ನೂ ಎತ್ತಿ ನೋಡಿ ಕೆಳಗಿಟ್ಟಳು. ಚಿಂದಿ ಬುಟ್ಟಿ ಕೆದಕಿ ಒಂದು ನೀಲಿ ತುಂಡು ತೆಗೆದು, "ಇದು ಬೇಕಂತಲೇ ನಾಳೆ ಅನ್ನೋದಕ್ಕೆ" ಅಂತ ಕಟ್ಟಿದಳು. ಕಟ್ಟಿ, ಸೂಟ್‌ಕೇಸನ್ನು ಮತ್ತೆ ಮೇಜಿನ ಕೆಳಗೆ ತಳ್ಳಲು ಹೋದಳು.

"ಏಯ್, ಇತ್ತ ತಾ ಅದನ್ನ" ಅಂದಳು ಅಕ್ಕ. "ಕೊಡೋದು ಯಾವಾಗಲಾದರೂ ಆಗಲಿ. ಹಿಡಿ ಈಗಲೇ ಬಿಚ್ಚಿ ಗಟ್ಟಿಯಾಗಿ ಹೊಲಿ. ಮುಂದೆ ಇಬ್ಬರೂ ಸೇರಿ ಎಲ್ಲಿಗಾದರೂ ಹೋಗೋದಿದ್ದರೆ?"